ಅರ್ಜಿ ಈಗ ಯಾರ ಲಾಗಿನ್‌ನಲ್ಲಿದೆ?

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್ ಆಗಿದ್ದೇನೆ. ಆಳುಗಳ ಹಾಜರಿ, ವಾರದ ಬಟವಾಡೆ, ಗೊಬ್ಬರದ ದಾಸ್ತಾನು, ಕೊಯ್ಲಿನ ದಿನಗಳಲ್ಲಿ ಯಾರು ಎಷ್ಟು ಕೆ.ಜಿ. ಹಣ್ಣು ತಂದರು ಎಂಬ ಲೆಕ್ಕ, ಎಲ್ಲವೂ ನನ್ನ ಪುಸ್ತಕದಲ್ಲಿರಬೇಕು. ಗೋದಾಮಿನಿಂದ ಒಂದು ಮೂಟೆ ಯೂರಿಯಾ ಹೊರಗೆ ಹೋದರೆ ಪಡೆದ ಮೇಸ್ತ್ರಿಯ ಸಹಿ ಬೀಳಲೇಬೇಕು. ಇಲ್ಲದಿದ್ದರೆ ಆ ಮೂಟೆಯ ದುಡ್ಡು ನನ್ನ ಸಂಬಳದಿಂದ ಕಳೆಯುತ್ತದೆ. ಇಂಥ ಅಭ್ಯಾಸದಲ್ಲಿ ಬೆಳೆದವನಿಗೆ, ಮಗಳ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿದೆ ಎಂದು ಹೇಳುವ ಒಬ್ಬ ಮನುಷ್ಯನೂ ಸಿಗದೇ ಹೋದಾಗ ಸಿಟ್ಟಿಗಿಂತ ಮೊದಲು ಆಶ್ಚರ್ಯವೇ ಆಯಿತು.

2023ರ ಸಿಇಟಿಯಲ್ಲಿ ಮಗಳಿಗೆ ಚಿಕ್ಕಮಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ನಾವು ಹಿಂದುಳಿದ ವರ್ಗಗಳ ಪ್ರವರ್ಗ-1ಕ್ಕೆ ಸೇರಿದವರು. ನನ್ನ ಸಂಬಳ ತಿಂಗಳಿಗೆ 16,500 ರೂಪಾಯಿ. ಪ್ರವರ್ಗ-1ಕ್ಕೆ ಇರುವ ವಾರ್ಷಿಕ ಆದಾಯದ ಮಿತಿ 2.5 ಲಕ್ಷ, ಹಾಗಾಗಿ ಅರ್ಹತೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕಾಗದದ ಮೇಲೆ ನಮಗೆ ಮೂರು ದಾರಿಗಳಿದ್ದವು. ಒಂದು ಶುಲ್ಕ ವಿನಾಯಿತಿ. ಹೆಸರು ವಿನಾಯಿತಿ ಎಂದಿದ್ದರೂ ಮೊದಲು ನಾವು ಕಟ್ಟಬೇಕು, ಅನಂತರ ಅದು ಖಾತೆಗೆ ಬರಬೇಕು. ಎರಡನೆಯದು ವಿದ್ಯಾಸಿರಿ, ಸರ್ಕಾರಿ ಹಾಸ್ಟೆಲ್ ಸಿಗದೆ ಹೊರಗೆ ಕೊಠಡಿ ಮಾಡಿಕೊಂಡು ಓದುವವರಿಗೆ ಊಟ ಮತ್ತು ವಸತಿಗೆಂದು ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000. ಮಗಳು ಹಿಂದುಳಿದ ವರ್ಗಗಳ ಬಿಸಿಎಂ ಹಾಸ್ಟೆಲ್‌ಗೆ ಹಾಕಿದ್ದ ಅರ್ಜಿ ಆಯ್ಕೆಪಟ್ಟಿಯಲ್ಲಿ ಬರಲಿಲ್ಲವಾದ್ದರಿಂದ ಇದು ನಮಗೆ ಬೇಕೇ ಬೇಕಿತ್ತು. ಮೂರನೆಯದು 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ. ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000. ಅದರ ಕಥೆಯೇ ಬೇರೆ, ಕೊನೆಗೆ ಬರುತ್ತೇನೆ.

ಮೊದಲ ವರ್ಷದ ಶುಲ್ಕಕ್ಕೆ ಸಾಹುಕಾರರು ಮುಂಗಡ ಕೊಟ್ಟರು. ಉಳಿದದ್ದು ಹೆಂಡತಿಯ ಸಂಘದ ಸಾಲ. ಸಂಘದ ಕಂತು ವಾರ ವಾರ ಕಟ್ಟಬೇಕು. ಸರ್ಕಾರದ ಹಣ ತಡವಾಯಿತು ಎಂದರೆ ಸಂಘದ ಸಭೆಯಲ್ಲಿ ಕೇಳುವವರಿಲ್ಲ. ತಡ ಎಂಬುದು ನಮ್ಮಂಥವರಿಗೆ ಬಡ್ಡಿಯ ಲೆಕ್ಕದಲ್ಲಿ ಬರುತ್ತದೆ ಎಂಬುದನ್ನು ಅರ್ಜಿ ಪರಿಶೀಲಿಸುವವರು ಯೋಚಿಸುತ್ತಾರೆಯೇ ಎಂದು ನನಗೆ ಈಗಲೂ ಅನುಮಾನ.

ಆದಾಯ ಪ್ರಮಾಣಪತ್ರದಿಂದಲೇ ತೊಡಕು ಶುರುವಾಯಿತು. ಪ್ರವರ್ಗ-1ರವರ ಜಾತಿ ಪ್ರಮಾಣಪತ್ರಕ್ಕೆ ಜೀವಾವಧಿ ಮಾನ್ಯತೆ ಇದೆ. ಆದಾಯ ಪ್ರಮಾಣಪತ್ರಕ್ಕೆ ಮಾತ್ರ ಐದು ವರ್ಷ. ಮಗಳು ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದರ ಅವಧಿ ಸರಿಯಾಗಿ ಅರ್ಜಿ ಹಾಕುವ ಹೊತ್ತಿಗೆ ಮುಗಿದಿತ್ತು. ಹಳೆಯ ಆರ್‌ಡಿ ಸಂಖ್ಯೆ, ಅಂದರೆ ಪ್ರಮಾಣಪತ್ರದ ಮೇಲಿರುವ ಸಂಖ್ಯೆ, ಹಾಕಿದರೆ ವಿದ್ಯಾರ್ಥಿವೇತನದ ತಂತ್ರಾಂಶ ಮುಂದಿನ ಪುಟಕ್ಕೇ ಬಿಡುವುದಿಲ್ಲ. ಗ್ರಾಮ ಒನ್ ಕೇಂದ್ರದಲ್ಲಿ ಹೊಸದಕ್ಕೆ ಅರ್ಜಿ ಕೊಟ್ಟೆ. ಅದು ಗ್ರಾಮ ಆಡಳಿತಾಧಿಕಾರಿಯವರಿಗೆ ಹೋಗಿ, ಅಲ್ಲಿಂದ ರಾಜಸ್ವ ನಿರೀಕ್ಷಕರಿಗೆ, ಅಲ್ಲಿಂದ ನಾಡಕಚೇರಿಗೆ. ಆ ವರ್ಷ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ಗ್ರಾಮ ಆಡಳಿತಾಧಿಕಾರಿಗಳು ಬೆಳೆ ಹಾನಿ ಸಮೀಕ್ಷೆಗೆ ಹೊಲ ಗದ್ದೆ ಸುತ್ತುತ್ತಿದ್ದರು. ಪಾಪ, ಒಬ್ಬರಿಗೆ ಹಲವು ಹಳ್ಳಿ. ಅವರ ಮೊಬೈಲಿನಲ್ಲಿರುವ ಆ್ಯಪ್‌ಗಳನ್ನು ನೋಡಿದರೆ ಗಾಬರಿಯಾಗುತ್ತದೆ.

ಕೊನೆಗೊಂದು ಮಧ್ಯಾಹ್ನ ಅವರು ತೋಟಕ್ಕೇ ಬಂದರು. ಕಣದ ಪಕ್ಕದ ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, “ಏನು ರೈಟರೇ, ರೊಬಸ್ಟಾಗೆ ಇಂಥ ಬೆಲೆ ಬಂದಿದೆ, ನಿಮ್ಮ ಆದಾಯ ಎರಡು ಲಕ್ಷದ ಒಳಗೆ ಎಂದು ಬರೆಯುವುದು ಹೇಗೆ?” ಎಂದು ನಕ್ಕರು. ಬೆಲೆ ಸಾಹುಕಾರರದು, ಸಂಬಳ ನನ್ನದು ಎಂದೆ. ಸಂಬಳದ ಪ್ರಮಾಣಪತ್ರ ತೋರಿಸಿದ ಮೇಲೆ ಅವರು ತಕರಾರು ಮಾಡಲಿಲ್ಲ. ಅಷ್ಟು ಹೊತ್ತಿಗೆ, ಸರ್ಕಾರಿ ಸೇವೆಗೆ ಇಷ್ಟು ದಿನ ಎಂದು ನಿಗದಿ ಮಾಡುವ ಸಕಾಲದ ಗಡುವು ಮೀರಿ ಹೋಗಿತ್ತು. ಸಕಾಲ ಕಾಯ್ದೆಯಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಅವಕಾಶವಿದೆ. ಆ ಇಪ್ಪತ್ತು ರೂಪಾಯಿ ಕೇಳಿ ಪಡೆದವರನ್ನು ನಮ್ಮ ಹೋಬಳಿಯಲ್ಲಿ ನಾನಂತೂ ನೋಡಿಲ್ಲ. ಕೇಳಿದವನ ಮುಂದಿನ ಕಾಗದದ ಗತಿ ಏನಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ.

ಪ್ರಮಾಣಪತ್ರ ಬಂದಿತು, ಅರ್ಜಿ ಮುಂದೆ ಹೋಗಲಿಲ್ಲ. ಹೆಸರು ಹೊಂದುತ್ತಿಲ್ಲ ಎಂದು ತಂತ್ರಾಂಶ ಹೇಳಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗಳ ಹೆಸರಿನ ಮುಂದೆ ಊರಿನದೊಂದು, ನನ್ನದೊಂದು ಇನಿಷಿಯಲ್ ಇದೆ. ಆಧಾರ್‌ನಲ್ಲಿ ಅವಳ ಹೆಸರಿನ ಹಿಂದೆ ನನ್ನ ಪೂರ್ತಿ ಹೆಸರು ಸೇರಿದೆ. ಆಧಾರ್ ಮಾಡಿಸಿದ್ದು ಶಾಲೆಯಲ್ಲಿ ನಡೆದ ಶಿಬಿರದಲ್ಲಿ. ಕುಳಿತಿದ್ದ ಹುಡುಗ ಹೇಗೆ ಕೇಳಿಸಿತೋ ಹಾಗೆ ಒತ್ತಿದ್ದ. ಎರಡರಲ್ಲಿ ಯಾವುದನ್ನು ತಿದ್ದಬೇಕು ಎಂಬುದೇ ದೊಡ್ಡ ಪ್ರಶ್ನೆ. ಅಂಕಪಟ್ಟಿ ತಿದ್ದಿಸಲು ಹೊರಟರೆ ಶಾಲೆ, ಮಂಡಳಿ, ಅಫಿಡವಿಟ್ ಎಂದು ವರ್ಷ ಕಳೆಯುತ್ತದೆ. ಆಧಾರ್‌ನಲ್ಲಿ ಆಗ 50 ರೂಪಾಯಿ ಶುಲ್ಕ. ಆದರೆ ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಬಾರಿ ಬದಲಾಯಿಸಲು ಅವಕಾಶ. ಮುಂದೆ ಮದುವೆ, ಪಾಸ್‌ಪೋರ್ಟ್ ಎಂದೆಲ್ಲ ಯೋಚಿಸಿ ಹೆಂಡತಿ ಹಿಂದೇಟು ಹಾಕಿದಳು. ಕಡೆಗೆ ಅಂಕಪಟ್ಟಿಯಲ್ಲಿ ಇರುವಂತೆಯೇ, ಚುಕ್ಕಿ ಎಲ್ಲಿದೆ, ಅಂತರ ಎಲ್ಲಿದೆ ಎಂದು ನೋಡಿಕೊಂಡು, ಆಧಾರ್ ತಿದ್ದಿಸಿದೆವು.

ಅದಾದ ಮೇಲೆ ಬ್ಯಾಂಕಿನಲ್ಲಿರುವ ಹೆಸರು ಆಧಾರ್‌ಗೆ ಹೊಂದದಾಯಿತು. ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ತಪ್ಪುತ್ತದೆ. ಬ್ಯಾಂಕಿನಲ್ಲಿ ಮತ್ತೆ ಕೆವೈಸಿ.

ಇಷ್ಟೆಲ್ಲ ಆಗುವ ಹೊತ್ತಿಗೆ ಡಿಸೆಂಬರ್. ಅರೇಬಿಕಾ ಕೊಯ್ಲು ಭರದಲ್ಲಿತ್ತು. ಕೊಯ್ಲಿನಲ್ಲಿ ರೈಟರ್‌ಗೆ ರಜೆ ಕೇಳುವ ಬಾಯಿ ಇರುವುದಿಲ್ಲ. ಚಿಕ್ಕಮಗಳೂರಿನ ಕಚೇರಿಗಳಲ್ಲಿಯೂ ಅರ್ಧ ಸಿಬ್ಬಂದಿ ದತ್ತ ಜಯಂತಿಯ ಬಂದೋಬಸ್ತಿನ ಕೆಲಸದಲ್ಲಿ. ಆದ್ದರಿಂದ ಅರ್ಜಿ ತುಂಬುವ ಕೆಲಸವನ್ನು ರಾತ್ರಿ ಮಾಡುವುದೆಂದು ಮಗಳು ಹೇಳಿದಳು. ಅವಳು ಪಟ್ಟಣದ ಕೊಠಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ; ತಂದೆಯ ಆಧಾರ್‌ಗೆ ಬರುವ ಒಟಿಪಿ ನನ್ನ ಮೊಬೈಲಿಗೆ. ನಮ್ಮ ಲೈನ್ ಮನೆಯಲ್ಲಿ ಸಿಗ್ನಲ್ ಇಲ್ಲ. ಕಣದ ಮೂಲೆಯಲ್ಲಿ, ಪಲ್ಪಿಂಗ್ ಮನೆಯ ನೀರಿನ ತೊಟ್ಟಿಯ ಹತ್ತಿರ ನಿಂತರೆ ಎರಡು ಕಡ್ಡಿ ಬರುತ್ತದೆ. ಚಳಿಗೆ ತಲೆಗೆ ಟವೆಲ್ ಸುತ್ತಿಕೊಂಡು ಅಲ್ಲಿ ನಿಲ್ಲುತ್ತಿದ್ದೆ. ಒಟಿಪಿ ಬರುವಾಗ ಕರೆಯಲ್ಲಿದ್ದರೆ ಸಂದೇಶ ಬರುವುದಿಲ್ಲ, ಕರೆ ಕಡಿದು ಕಾದರೆ ಸಂದೇಶ ಬರುತ್ತದೆ, ಅದನ್ನು ಹೇಳಲು ಮತ್ತೆ ಕರೆ ಮಾಡಿದರೆ ಅವಳ ಪುಟ ಅವಧಿ ಮುಗಿದು ಹೊರಗೆ ಹಾಕಿರುತ್ತದೆ. “ಅಪ್ಪ, ಇನ್ನೊಂದು ಸಲ” ಎನ್ನುತ್ತಿದ್ದಳು. ಕಣದಲ್ಲಿ ಕಾವಲಿಗೆ ಮಲಗಿದ್ದ ಆಳು ಎದ್ದು ಬಂದು, ರೈಟರಿಗೆ ಏನಾಗಿದೆ ಎಂದು ಬ್ಯಾಟರಿ ಬಿಟ್ಟು ನೋಡಿದ.

ಅಂತೂ ಅರ್ಜಿ ಸಲ್ಲಿಕೆಯಾಯಿತು. ದಾಖಲೆಗಳು ಸರಿಯಿವೆ ಎಂದು ಕಂಪ್ಯೂಟರಿನಲ್ಲೇ ಒಪ್ಪಿ ಕೊಡುವ ಇ-ದೃಢೀಕರಣವನ್ನು ಕಾಲೇಜಿನ ಅಧಿಕಾರಿ ಮಾಡಿಕೊಟ್ಟಿದ್ದರು, ಸಂಖ್ಯೆ ಬಂದಿತ್ತು, ಸ್ವೀಕೃತಿಯ ಮುದ್ರಿತ ಪ್ರತಿ ಕೈಯಲ್ಲಿತ್ತು. ಇನ್ನೇನು ಎರಡು ತಿಂಗಳಲ್ಲಿ ಬರುತ್ತದೆ ಎಂದು ಝೆರಾಕ್ಸ್ ಅಂಗಡಿಯವನು ಧೈರ್ಯ ಹೇಳಿದ. ಚಿಕ್ಕಮಗಳೂರಿನ ಝೆರಾಕ್ಸ್ ಅಂಗಡಿಯವರಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯವರಿಗಿಂತ ಹೆಚ್ಚು ತಿಳಿದಿರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ; ಯಾವ ಕಡತ ಯಾವ ಅಳತೆಯಲ್ಲಿರಬೇಕು, ಯಾವ ಹೊತ್ತಿನಲ್ಲಿ ಸರ್ವರ್ ಚುರುಕಾಗಿರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆದರೆ ಸಲ್ಲಿಸಿದ ಮೇಲೆ ಏನಾಗುತ್ತದೆ ಎಂಬುದು ಅವರಿಗೂ ಕಾಣುವುದಿಲ್ಲ.

ಸಲ್ಲಿಸಿದ ಮೇಲಿನ ಕಾಯುವಿಕೆಯೇ ಇಡೀ ಪ್ರಕರಣದ ಜೀವ. ಮಗಳು ವಾರಕ್ಕೊಮ್ಮೆ ಸ್ಥಿತಿ ನೋಡಿ ಚಿತ್ರ ಕಳಿಸುತ್ತಿದ್ದಳು. ಪರಿಶೀಲನೆಯಲ್ಲಿದೆ. ಫೆಬ್ರುವರಿಯಲ್ಲಿ ಹಾಗೆಯೇ ಇತ್ತು, ಮಾರ್ಚ್‌ನಲ್ಲಿಯೂ ಹಾಗೆಯೇ ಇತ್ತು. ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದರೆ, “ನಾವು ಕಳಿಸಿದ್ದೇವೆ, ಇಲಾಖೆಯಲ್ಲಿ ಕೇಳಿ” ಎಂಬ ಉತ್ತರ. ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ, “ಕಾಲೇಜಿನಿಂದ ಬರಬೇಕು” ಎಂಬ ಉತ್ತರ. ಹನುಮಂತಪ್ಪ ವೃತ್ತದ ಹತ್ತಿರ ಚಹಾ ಕುಡಿಯುತ್ತಾ ನಾನು ಯೋಚಿಸಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ನೋಡಿ ಹೇಳುತ್ತಿಲ್ಲ. ತೋಟದಲ್ಲಿ ಗೊಬ್ಬರ ಎಲ್ಲಿ ಎಂದರೆ ಮೇಸ್ತ್ರಿ ಗೋದಾಮಿನ ಕಡೆ, ಗೋದಾಮಿನವನು ಮೇಸ್ತ್ರಿಯ ಕಡೆ ಕೈ ತೋರಿಸುತ್ತಾರೆ; ಆಗ ನಾನು ಪುಸ್ತಕ ತೆರೆಯುತ್ತೇನೆ. ಇಲ್ಲಿಯೂ ಒಂದು ಪುಸ್ತಕ ಇರಲೇಬೇಕಲ್ಲ?

ಹಳೆಯ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಗಳಿಗೆ ಗೆರೆ ಎಳೆದೆ. ದಿನಾಂಕ, ಯಾವ ಕಚೇರಿ, ಯಾವ ಹುದ್ದೆಯವರು, ಏನು ಹೇಳಿದರು, ಮುಂದೆ ಯಾರನ್ನು ಕೇಳಲು ಹೇಳಿದರು. ಅದನ್ನು ಹಿಡಿದು ಇಲಾಖೆಯ ಕಚೇರಿಗೆ ಹೋಗಿ, ಕಂಪ್ಯೂಟರ್ ಮುಂದೆ ಕುಳಿತಿದ್ದ ಸಹಾಯಕರಿಗೆ ಕೈಮುಗಿದು, “ಸರ್, ಹಣ ಯಾವಾಗ ಬರುತ್ತದೆ ಎಂದು ನಾನು ಕೇಳುವುದಿಲ್ಲ. ಈ ಅರ್ಜಿ ಈಗ ಯಾರ ಲಾಗಿನ್‌ನಲ್ಲಿದೆ, ಅಷ್ಟು ಹೇಳಿದರೆ ಸಾಕು” ಎಂದೆ. ಅವರು ನನ್ನನ್ನೂ ಪುಸ್ತಕವನ್ನೂ ನೋಡಿದರು. ಹಣದ ಪ್ರಶ್ನೆ ಕೇಳಿ ಕೇಳಿ ಬೇಸತ್ತವರು ಇರಬೇಕು. ಈ ಪ್ರಶ್ನೆಗೆ ಉತ್ತರ ಅವರ ಕೈಯಲ್ಲೇ ಇತ್ತು. ಸಂಖ್ಯೆ ಒತ್ತಿದರು, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಅರ್ಜಿ ಕಾಲೇಜು ಹಂತದಲ್ಲಿಯೇ ಕುಳಿತಿತ್ತು. ಇ-ದೃಢೀಕರಣ ಬೇರೆ, ಅರ್ಜಿಯನ್ನು ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದಕ್ಕೆ ಕಳಿಸುವುದು ಬೇರೆ. ಮೊದಲನೆಯದು ಆಗಿತ್ತು, ಎರಡನೆಯದು ಆಗಿರಲಿಲ್ಲ. “ಇವರೊಬ್ಬರದೇ ಅಲ್ಲ, ಆ ಕಾಲೇಜಿನದು ಇನ್ನೂ ಇವೆ” ಎಂದು ಅವರು ಪಟ್ಟಿಯನ್ನು ಕೆಳಗೆ ಸರಿಸಿ ತೋರಿಸಿದರು.

ಕಾಲೇಜಿನಲ್ಲಿ ಆ ಕೆಲಸ ನೋಡುತ್ತಿದ್ದವರು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಯ ತಯಾರಿಗೆ ನಿಯೋಜನೆಗೊಂಡಿದ್ದರು. ಪಾಸ್‌ವರ್ಡ್ ಅವರ ಬಳಿ. ಅವರ ಜಾಗದಲ್ಲಿ ಕುಳಿತವರಿಗೆ ಆ ಪುಟವೇ ಗೊತ್ತಿರಲಿಲ್ಲ. “ಮಾಡೋಣ ಅಂಕಲ್, ಮುಂದಿನ ವಾರ ಬನ್ನಿ” ಎಂದರು. ಬಾಯಿಮಾತಿನ ಮುಂದಿನ ವಾರ ಎಷ್ಟು ಬೇಗ ಬರುತ್ತದೆ ಎಂಬುದು ಆಳುಗಳಿಗೆ ಮಾತು ಕೊಟ್ಟು ಅನುಭವವಿರುವ ನನಗೆ ಹೇಳಿಕೊಡಬೇಕಾಗಿಲ್ಲ.

ಮಗಳು ಇಲ್ಲಿ ಜಾಣತನ ಮಾಡಿದಳು. ತನ್ನ ತರಗತಿಯಲ್ಲಿ ಯಾರ ಯಾರ ಅರ್ಜಿ ಹೀಗೆ ನಿಂತಿದೆ ಎಂದು ವಿಚಾರಿಸಿದಳು. ನೋಡಿದರೆ ಅವಳ ವಿಭಾಗದ ಮೊದಲ ವರ್ಷದವರದೆಲ್ಲ ಅಲ್ಲೇ ಇದೆ. ಆ ವಿಭಾಗದ ಶುಲ್ಕದ ವಿವರವನ್ನೇ ಕಾಲೇಜು ತಂತ್ರಾಂಶದಲ್ಲಿ ಪೂರ್ತಿ ತುಂಬಿರಲಿಲ್ಲ. ಒಬ್ಬೊಬ್ಬರೇ ಕೇಳಿದಾಗ ಒಬ್ಬೊಬ್ಬರಿಗೂ ನಿಮ್ಮ ದಾಖಲೆಯಲ್ಲಿ ಏನೋ ಇದೆ ಎಂದು ಹೇಳಿ ಕಳಿಸುತ್ತಿದ್ದರು. ನಾನು ಒಂದು ಪತ್ರ ಬರೆದುಕೊಟ್ಟೆ. ಪ್ರಾಂಶುಪಾಲರಿಗೆ, ವಿಷಯ ಇಂಥದ್ದು, ಉಲ್ಲೇಖ ಅರ್ಜಿ ಸಂಖ್ಯೆಗಳು, ಕೆಳಗೆ ಸಹಿ ಮಾಡಿದ ವಿದ್ಯಾರ್ಥಿಗಳ ಅರ್ಜಿಗಳು ಇಂತಹ ದಿನಾಂಕದಂದು ಕಾಲೇಜು ಹಂತದಲ್ಲಿ ಬಾಕಿ ಇರುವುದಾಗಿ ಇಲಾಖೆಯಿಂದ ತಿಳಿದುಬಂದಿದೆ, ಕೊನೆಯ ದಿನಾಂಕದೊಳಗೆ ಮುಂದಕ್ಕೆ ಕಳಿಸಿಕೊಡಬೇಕು. ಅರ್ಧ ಪುಟ. ದೂರಿನ ಮಾತು ಒಂದೂ ಇಲ್ಲ. ಹುಡುಗ ಹುಡುಗಿಯರು ಸಾಲಾಗಿ ಸಹಿ ಹಾಕಿದರು. ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಮತ್ತು ಸಂಖ್ಯೆ ಹಾಕಿಸಿಕೊಳ್ಳದೆ ಬರಬಾರದು ಎಂದು ಮಗಳಿಗೆ ಹೇಳಿ ಕಳಿಸಿದ್ದೆ. ಮೊಹರು ಬಿದ್ದ ಕಾಗದಕ್ಕೆ ಉತ್ತರ ಕೊಡಬೇಕಾದವರು ಒಬ್ಬರು ಹುಟ್ಟಿಕೊಳ್ಳುತ್ತಾರೆ. ಅದೇ ವಾರದಲ್ಲಿ ಆ ವಿಭಾಗದ ಅರ್ಜಿಗಳೆಲ್ಲ ಇಲಾಖೆಯ ಲಾಗಿನ್‌ಗೆ ದಾಟಿದವು.

ಇಷ್ಟರಲ್ಲಿ ಏಪ್ರಿಲ್ ಬಂದು ಲೋಕಸಭಾ ಚುನಾವಣೆ. ಕಚೇರಿಗಳಲ್ಲಿ ಕುರ್ಚಿಗಳು ಇದ್ದವು, ಮನುಷ್ಯರು ತರಬೇತಿಗೆ ಹೋಗಿದ್ದರು. ಆ ತಿಂಗಳುಗಳ ಬಗ್ಗೆ ನನ್ನ ಪುಸ್ತಕದಲ್ಲಿ ಬರೆದದ್ದು ಏನೂ ಇಲ್ಲ.

ಜೂನ್ ಕಳೆದ ಮೇಲೆ ಮಗಳ ಜೊತೆಯ ಹುಡುಗಿಯರಿಗೆ ವಿದ್ಯಾಸಿರಿಯ ಹಣ ಬರತೊಡಗಿತು. ನಮಗೆ ಬರಲಿಲ್ಲ. ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣದ ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಿದರೆ 15,000 ರೂಪಾಯಿ ಪಾವತಿಯಾಗಿದೆ ಎಂದು ದಿನಾಂಕ ಸಹಿತ ತೋರಿಸುತ್ತಿದೆ. ಪಾಸ್‌ಬುಕ್‌ನಲ್ಲಿ ಇಲ್ಲ. ಬ್ಯಾಂಕಿಗೆ ಹೋದರೆ, ಆಧಾರ್ ಲಿಂಕ್ ಆಗಿದೆ, ಹಣ ಬಂದಿಲ್ಲ, ಇಲಾಖೆಯಲ್ಲಿ ಕೇಳಿ ಎಂದರು. ಮತ್ತೆ ಅದೇ ಕೈ ತೋರಿಸುವ ಆಟ. ಇಲಾಖೆಯ ಅದೇ ಸಹಾಯಕರು ಈ ಸಲ ನನ್ನನ್ನು ಗುರುತಿಸಿ, “ಖಾತೆಗೆ ಆಧಾರ್ ಲಿಂಕ್ ಆಗಿರುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ” ಎಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕಡೆ ಇದರಲ್ಲಿ ಸಿಕ್ಕಿಕೊಳ್ಳದ ಮನೆಯೇ ಇಲ್ಲ. ಸರ್ಕಾರ ಆಧಾರ್ ಸಂಖ್ಯೆಗೆ ಹಣ ಕಳಿಸುತ್ತದೆಯೇ ಹೊರತು ನಾವು ಬರೆದುಕೊಟ್ಟ ಖಾತೆ ಸಂಖ್ಯೆಗೆ ಅಲ್ಲ. ಒಬ್ಬರಿಗೆ ಎಷ್ಟೇ ಖಾತೆಗಳಿದ್ದರೂ, ಎಲ್ಲದಕ್ಕೂ ಆಧಾರ್ ಕೊಟ್ಟಿದ್ದರೂ, ಆಧಾರ್‌ಗೆ ಬರುವ ಹಣ ಹೋಗುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಪಿಸಿಐ ಪಟ್ಟಿಯಲ್ಲಿರುವ ಒಂದೇ ಬ್ಯಾಂಕಿಗೆ. ಕೊನೆಯ ಬಾರಿಗೆ ಯಾವ ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟು ಸೀಡಿಂಗ್ ಆಗಿದೆಯೋ ಅದೇ. ಮಗಳು ಕಾಲೇಜು ಸೇರಿದ ಹೊಸತರಲ್ಲಿ ಸಿಮ್ ಕಾರ್ಡ್ ಕೊಳ್ಳಲು ಅಂಗಡಿಗೆ ಹೋಗಿದ್ದಳು. ಅಲ್ಲಿ ಬೆರಳಚ್ಚು ತೆಗೆದುಕೊಂಡ ಹುಡುಗ ಅವಳಿಗೆ ಹೇಳದೆಯೇ ಮೊಬೈಲಿನಲ್ಲಿ ನಡೆಯುವ ಖಾತೆಯೊಂದನ್ನೂ ತೆರೆದಿದ್ದ. ಅವನಿಗೆ ಖಾತೆಗೆ ಇಷ್ಟು ಎಂದು ಕಮಿಷನ್ ಇರುತ್ತದಂತೆ. ಸೀಡಿಂಗ್ ಸ್ಥಿತಿ ನೋಡಿದಾಗ ಅಲ್ಲಿದ್ದ ಹೆಸರು ನಮ್ಮ ಬ್ಯಾಂಕಿನದಲ್ಲ, ಅದರದು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಮಗಳು ಆ ಕಂಪನಿಯ ಆ್ಯಪ್ ಇಳಿಸಿಕೊಂಡಳು. ಮೊಬೈಲ್ ಸಂಖ್ಯೆ ಹಾಕಿ, ಒಟಿಪಿ ಹಾಕಿ, ಎಂಪಿನ್ ಎಂಬುದನ್ನು ಹೊಸದಾಗಿ ಮಾಡಿ ಒಳಗೆ ಹೋದರೆ ಹದಿನೈದು ಸಾವಿರ ರೂಪಾಯಿ ಅಲ್ಲಿ ಕುಳಿತಿದೆ. ನಾವು ಪಾಸ್‌ಬುಕ್ ಹಿಡಿದು ಅಲೆದ ಅಷ್ಟೂ ದಿನ ಅದು ಅವಳ ಕಿಸೆಯಲ್ಲೇ ಇತ್ತು. ಅವಳಿಗೆ ನಗು ಬಂದಿತು. ನನಗೆ ಬರಲಿಲ್ಲ. ಹಣವನ್ನು ಬ್ಯಾಂಕಿನ ಖಾತೆಗೆ ವರ್ಗಾಯಿಸಿ, ಅಂದೇ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ನಮೂನೆ ತುಂಬಿ ಕೊಟ್ಟೆವು. ಕೌಂಟರಿನಲ್ಲಿದ್ದ ಮೇಡಂ, “ಲಿಂಕ್ ಆಗಿದೆಯಲ್ಲ, ಮತ್ತೆ ಏಕೆ?” ಎಂದು ಕೇಳಿದರು. ನಮೂನೆಯಲ್ಲಿ ಡಿಬಿಟಿ ಎಂದಿರುವ ಚೌಕಕ್ಕೆ ಗುರುತು ಹಾಕಿದ್ದನ್ನು ತೋರಿಸಿದೆ. ಆಮೇಲೆ ತೋಟದಲ್ಲಿ ಮಕ್ಕಳನ್ನು ಓದಿಸುತ್ತಿರುವ ಆಳುಗಳಿಗೆಲ್ಲ ನಾನೇ ಈ ಸ್ಥಿತಿಯನ್ನು ನೋಡಿಕೊಡುವವನಾಗಿದ್ದೇನೆ. ಬಟವಾಡೆಯ ದಿನ ಸಾಲು ನಿಲ್ಲುತ್ತದೆ.

ಶುಲ್ಕದ ಹಣದ ಕಥೆ ಇನ್ನೂ ಉದ್ದ. ಎರಡನೆಯ ವರ್ಷ ಶುರುವಾದರೂ ಮೊದಲ ವರ್ಷದ್ದು ಬಂದಿರಲಿಲ್ಲ. ಎರಡನೆಯ ವರ್ಷದ ಶುಲ್ಕ ಕಾಲೇಜಿಗೇ ಕಟ್ಟಬೇಕು. ಕಟ್ಟದಿದ್ದರೆ ಪರೀಕ್ಷೆಯ ಪ್ರವೇಶ ಪತ್ರ ಕೊಡುವುದಿಲ್ಲ ಎಂದು ಸೂಚನಾ ಫಲಕದಲ್ಲಿ ಹಾಕಿದರು. ಮಗಳು ಫೋನಿನಲ್ಲಿ ಅಳಲಿಲ್ಲ, ಆದರೆ ಮಾತು ಕಡಿಮೆ ಮಾಡಿದಳು. ಅದು ನನಗೆ ಹೆಚ್ಚು ಕಷ್ಟವಾಯಿತು. ಈ ಮಧ್ಯೆ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲದ ಬಗ್ಗೆಯೂ ವಿಚಾರಿಸಿದೆ. ಸಿಇಟಿ ಮೂಲಕ ಸೇರಿದವರಿಗೆ ಶೇಕಡ ಎರಡರ ಬಡ್ಡಿಯಲ್ಲಿ ಕೊಡುವ ಶಿಕ್ಷಣ ಸಾಲ ಅದು. ಒಳ್ಳೆಯ ಯೋಜನೆ, ಸಂದೇಹವಿಲ್ಲ. ಆದರೆ ಅದಕ್ಕೂ ಅರ್ಜಿ, ಆಯ್ಕೆ, ಮಂಜೂರಾತಿ. ಪ್ರವೇಶ ಪತ್ರದ ದಿನಾಂಕಕ್ಕೆ ಅದು ಒದಗುವಂತಿರಲಿಲ್ಲ.

ಈ ಬಾರಿ ಪ್ರಾಂಶುಪಾಲರನ್ನೇ ಕಂಡೆ. ಕೈಯಲ್ಲಿ ಮೂರು ಕಾಗದ: ಮೊದಲ ವರ್ಷದ ಅರ್ಜಿ ಇಲಾಖೆಯಲ್ಲಿ ಅನುಮೋದನೆಯಾಗಿ ಅನುದಾನಕ್ಕೆ ಕಾಯುತ್ತಿರುವುದನ್ನು ತೋರಿಸುವ ಸ್ಥಿತಿಯ ಪ್ರತಿ, ಆದಾಯ ಪ್ರಮಾಣಪತ್ರ, ಅರ್ಧ ಶುಲ್ಕ ಈಗ ಕಟ್ಟಿ ಉಳಿದದ್ದನ್ನು ಹಣ ಬಂದ ಕೂಡಲೇ ಕಟ್ಟುತ್ತೇನೆಂಬ ಮುಚ್ಚಳಿಕೆ. ಅವರು ಓದಿ, ಅರ್ಧಕ್ಕೆ ಒಪ್ಪಿ, ಪತ್ರದ ಅಂಚಿನಲ್ಲಿಯೇ ಷರಾ ಬರೆದು ಸಹಿ ಮಾಡಿದರು. ಐದು ನಿಮಿಷವೂ ಹಿಡಿಯಲಿಲ್ಲ. ಕೆಳಗಿನ ಕಚೇರಿಯಲ್ಲಿ ಆಗುವುದೇ ಇಲ್ಲ ಎಂದಿದ್ದರು. ಸಹಿ ಮಾಡುವ ಅಧಿಕಾರವಿಲ್ಲದವರ ಬಳಿ ವಿನಾಯಿತಿ ಕೇಳಿದರೆ ಅವರು ಇಲ್ಲ ಎನ್ನದೆ ಇನ್ನೇನು ಹೇಳುತ್ತಾರೆ ಎಂದು ಹೊರಗೆ ಬಂದ ಮೇಲೆ ಹೊಳೆಯಿತು. ಆ ಅರ್ಧಕ್ಕೆ ಮತ್ತೆ ಸಾಹುಕಾರರ ಮುಂಗಡವೇ ಗತಿಯಾಯಿತು.

ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲಿ ದೂರನ್ನೂ ದಾಖಲಿಸಿದ್ದೆ. ಸಂಖ್ಯೆ ಬಂದಿತು. ಕೆಲವು ದಿನಗಳ ಮೇಲೆ ಅನುದಾನ ಬಿಡುಗಡೆಯಾದ ನಂತರ ಪಾವತಿಸಲಾಗುವುದು ಎಂಬ ಉತ್ತರದೊಂದಿಗೆ, ದೂರನ್ನು ಪರಿಹರಿಸಲಾಗಿದೆ ಎಂದು ಮುಚ್ಚಿದ ಸಂದೇಶವೂ ಬಂದಿತು. ಹಣ ಬಾರದೆ ಪರಿಹಾರವಾದ ದೂರು ಅದೊಂದೇ ನನ್ನ ಬಳಿ ಇರುವುದು. ಆದರೂ ಆ ಉತ್ತರದಿಂದ ಒಂದು ಉಪಯೋಗವಾಯಿತು: ತೊಡಕು ನಮ್ಮ ದಾಖಲೆಯಲ್ಲಿ ಇಲ್ಲ, ಬೆಂಗಳೂರಿನ ಅನುದಾನದಲ್ಲಿ ಇದೆ ಎಂಬುದು ಬರಹದಲ್ಲಿ ಸಿಕ್ಕಿತು. ಅಲ್ಲಿಂದ ಮುಂದೆ ಚಿಕ್ಕಮಗಳೂರಿನ ಕಚೇರಿಗೆ ಹೋಗಿ ಬಸ್ಸಿನ ದುಡ್ಡು ಕಳೆಯುವುದನ್ನು ನಿಲ್ಲಿಸಿದೆ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಡತಿಗೂ ಮಗಳಿಗೂ ಟಿಕೆಟ್ ಇಲ್ಲ, ನನಗೆ ಮಾತ್ರ ಇದೆ. ಹಾಗಾಗಿ ಕಾಗದ ಕೊಟ್ಟು ಬರುವ ಕೆಲಸವಿದ್ದರೆ ಹೆಂಡತಿಯೇ ಹೋಗಿ ಬರುತ್ತಾಳೆ. ಮೊಹರು ಹಾಕಿಸಿಕೊಂಡು ಬರುವುದರಲ್ಲಿ ಅವಳು ನನಗಿಂತ ಖಡಕ್ಕು.

ಮೊದಲ ವರ್ಷದ ಶುಲ್ಕದ ಹಣ ಮುಂದಿನ ಕೊಯ್ಲಿನ ಹೊತ್ತಿಗೆ ಬಂದಿತು. ಕಟ್ಟಿದ್ದಷ್ಟೂ ಅಲ್ಲ, ನಿಗದಿಯಾದ ಬಾಬ್ತುಗಳಿಗೆ ಮಾತ್ರ, ಕಾಲೇಜಿನ ಇತರೆ ಶುಲ್ಕಗಳು ಅದರಲ್ಲಿ ಬರುವುದಿಲ್ಲ. ಸಂಘದ ಸಾಲದ ಅಸಲು ಅದರಲ್ಲಿ ತೀರಿತು. ಬಡ್ಡಿ ಅದಕ್ಕಿಂತ ಮೊದಲೇ ನಮ್ಮ ಅಡುಗೆ ಮನೆಯಿಂದ ಹೋಗಿತ್ತು.

ಉಳಿದದ್ದು ರೈತ ವಿದ್ಯಾನಿಧಿ. ನಮಗೆ ಒಂದು ಎಕರೆ ಚಿಲ್ಲರೆ ಜಮೀನಿದೆ, ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು. ಆ ವಿದ್ಯಾನಿಧಿಗೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ರೈತರ ನೋಂದಣಿ ಸಂಖ್ಯೆ, ಅಂದರೆ ಎಫ್‌ಐಡಿ ಇರಬೇಕು. ಅದಕ್ಕೆ ಪಹಣಿ ನಮ್ಮ ಹೆಸರಿನಲ್ಲಿರಬೇಕು. ಪಹಣಿ ಇನ್ನೂ ನನ್ನ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡಾಗ ನಾನು ಶಾಲೆಗೆ ಹೋಗುತ್ತಿದ್ದೆ. ಅಪ್ಪ ಪೌತಿ ಖಾತೆ ಮಾಡಿಸಿ ಜಮೀನನ್ನು ವಾರಸುದಾರರ ಹೆಸರಿಗೆ ತರದೆ ಹೋದರು. ಆ ಕಾಲದಲ್ಲಿ ಮಾಡಿಸದಿದ್ದರೂ ಯಾರಿಗೂ ನಷ್ಟವಿರಲಿಲ್ಲ, ಗೇಯುವವನು ಗೇಯುತ್ತಿದ್ದ. ಈಗ ಗೇಯುತ್ತಿದ್ದರೂ ಸರ್ಕಾರದ ಕಣ್ಣಿಗೆ ನಾನು ರೈತನಲ್ಲ. ನಮ್ಮ ಊರಿನಲ್ಲಿ ಇಂಥ ಮನೆಗಳು ಒಂದೆರಡಲ್ಲ.

2024ರಲ್ಲಿ ಅದಕ್ಕೂ ಕೈ ಹಾಕಿದೆ. ಅಜ್ಜನ ಮರಣ ಪ್ರಮಾಣಪತ್ರ ಹುಡುಕಬೇಕು, ವಂಶವೃಕ್ಷ ಮಾಡಿಸಬೇಕು, ಅಪ್ಪನ ಕಡೆಯ ವಾರಸುದಾರರೆಲ್ಲ ಸಹಿ ಹಾಕಬೇಕು. ವಂಶವೃಕ್ಷದ ಅರ್ಜಿ ಕೊಟ್ಟ ಬೆನ್ನಿಗೇ, ಸೆಪ್ಟೆಂಬರ್ ಕೊನೆಯಲ್ಲಿ, ಗ್ರಾಮ ಆಡಳಿತಾಧಿಕಾರಿಗಳು ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಮೂಲ ಸೌಕರ್ಯವಿಲ್ಲದೆ ಅಷ್ಟೊಂದು ಆ್ಯಪ್‌ಗಳಲ್ಲಿ ಕೆಲಸ ಮಾಡಲಾಗದು ಎಂಬುದೂ ಅವರ ದೂರುಗಳಲ್ಲಿ ಒಂದು. ಕಣದ ಮೂಲೆಯಲ್ಲಿ ಒಟಿಪಿಗೆ ನಿಂತವನಾಗಿ ನಾನು ಅವರ ವಿರುದ್ಧ ಮಾತಾಡಲಾರೆ. ಮುಷ್ಕರ ಮುಗಿದ ಮೇಲೆ ವಂಶವೃಕ್ಷ ಕೈಗೆ ಬಂದಿತು. ಅತ್ತೆಯಂದಿರಿಬ್ಬರೂ ಒಪ್ಪಿ ಸಹಿ ಮಾಡಿದ್ದಾರೆ. ಬೆಂಗಳೂರಿನಲ್ಲಿರುವ ಅಣ್ಣನದು ಬಾಕಿ. ಅವನಿಗೆ ತಕರಾರಿಲ್ಲ, ಬಿಡುವಿಲ್ಲ ಅಷ್ಟೇ. ಹಬ್ಬಕ್ಕೆ ಬಂದಾಗ ಹಾಕುತ್ತೇನೆ ಎಂದಿದ್ದಾನೆ. ಬರುವಾಗ ಆಧಾರ್ ಮೂಲ ಪ್ರತಿ ತರಲು ಹೇಳಿದ್ದೇನೆ. ಅದರಲ್ಲಿರುವ ಅವನ ಹೆಸರು ವಂಶವೃಕ್ಷದಲ್ಲಿ ಬರೆದಿರುವ ಹೆಸರಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು.